ನಿಮ್ಮ ಮನೆಯಲ್ಲೂ ಒಬ್ಬ ಮಿಸ್ತ್ರಿ ಇದ್ದಾರೆಯೇ?



ಕನ್ನಡ ಟಿ.ವಿ. ವಾಹಿನಿಗಳ ‘ಮಹಾಸಂಗಮ’ದ ಕಂತುಗಳನ್ನು ನೀವು ನೋಡಿರಬಹುದು. ಎರಡು ಬೇರೆ ಬೇರೆ ಧಾರಾವಾಹಿಗಳ ಪಾತ್ರಗಳು ಒಂದೇ ಕಂತಿನಲ್ಲಿ ಎದುರುಬದುರಾಗುವುದಕ್ಕೆ ಆ ಹೆಸರು. ಒಂದು ಧಾರಾವಾಹಿಯ ಮನೆಯ ಮದುವೆಗೆ ಇನ್ನೊಂದು ಧಾರಾವಾಹಿಯ ಮನೆಯವರು ನೆಂಟರಾಗಿ ಬರುತ್ತಾರೆ. ಎರಡೂ ಕಡೆಯ ವೀಕ್ಷಕರಿಗೆ ಖುಷಿಯೋ ಖುಷಿ. ಸಾಮಾನ್ಯವಾಗಿ ಅದು ವಾರದೊಳಗೆ ಮರೆತುಹೋಗುವ ಸಂಗತಿ. ಆದರೆ ಅಂಥದೇ ಒಂದು ಸಂಗಮದ ಕಂತು ಸುಮಾರು ಮೂವತ್ತು ವರ್ಷಗಳಿಂದ ನನ್ನ ಮನಸ್ಸಿನಲ್ಲಿ ಉಳಿದಿದೆ. ಅದು ಕನ್ನಡದ್ದಲ್ಲ. ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಥಾಸರಣಿಯದು. ಇತ್ತೀಚೆಗೆ ಅದನ್ನು ಮತ್ತೊಮ್ಮೆ ನೋಡಿದೆ. ನೋಡಿ ಮುಗಿದ ಮೇಲೆ ನಮ್ಮ ನಿಮ್ಮ ಮನೆಗಳ ಹಿರಿಯರ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ಶಿರಾ ತಾಲೂಕಿನ ಕಳ್ಳಂಬೆಳ್ಳದಲ್ಲಿ ಬೆಳೆದ ಹುಡುಗಿಗೂ ಬಾಹ್ಯಾಕಾಶ ನೌಕೆಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬೆಸೆದವರು ನನ್ನ ಅಬ್ಬಾ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಹೆದ್ದಾರಿ ಬದಿಯ ನಮ್ಮೂರಿನಲ್ಲಿ ಅಬ್ಬಾ ಅದಾಗಲೇ ರೇಡಿಯೊ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದರು. ಟಿ.ವಿ. ಬಂದ ಮೇಲೆ ಅದನ್ನೂ ಕಲಿತರು. ಉದ್ದನೆಯ ಕಬ್ಬಿಣದ ಪೈಪಿನ ತುದಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬರು ಮೇಲೆ ತಿರುಗಿಸುತ್ತಾ ಇನ್ನೊಬ್ಬರು ಕೆಳಗಿನಿಂದ “ಬಂತು, ಬಂತು, ಹೋಯ್ತು” ಎಂದು ಕೂಗುತ್ತಿದ್ದ ಕಾಲವನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. 1980ರ ದಶಕದಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನವು ಹಳೆಯ ‘ಸ್ಟಾರ್ ಟ್ರೆಕ್’ ತೋರಿಸುತ್ತಿತ್ತು. ಇಂಗ್ಲಿಷ್ ಮಾತುಗಳು. ನಮಗೆ ಅರ್ಥವಾಗುತ್ತಿದ್ದದ್ದು ಹತ್ತಕ್ಕೆ ಎರಡು. ಅಬ್ಬಾಗೆ ಅಷ್ಟೂ ಇಲ್ಲ. ಆದರೂ ರಿಪೇರಿಗೆ ಬಂದ ಟಿ.ವಿ.ಯನ್ನು ‘ಪರೀಕ್ಷೆ ಮಾಡುವ’ ನೆಪದಲ್ಲಿ ಅಂಗಡಿಯಲ್ಲಿ ನಾವೆಲ್ಲ ಕೂತು ನೋಡುತ್ತಿದ್ದೆವು.

ಆ ಸರಣಿ ಅಮೆರಿಕದಲ್ಲಿ ಪ್ರಸಾರವಾದದ್ದು 1966ರಿಂದ 1969ರವರೆಗೆ, ಒಟ್ಟು 79 ಕಂತುಗಳು. ‘ಎಂಟರ್‌ಪ್ರೈಸ್’ ಎಂಬ ನೌಕೆ, ಅದರ ಕಪ್ತಾನ ಕರ್ಕ್, ಚೂಪು ಕಿವಿಯ ಸ್ಪಾಕ್ ಎಲ್ಲರಿಗೂ ಇಷ್ಟ. ಅಬ್ಬಾಗೆ ಮಾತ್ರ ಅವರಿಬ್ಬರೂ ಬೇಕಿರಲಿಲ್ಲ. ಕೆಂಪು ಅಂಗಿ ತೊಟ್ಟು ಎಂಜಿನ್ ಕೋಣೆಯಲ್ಲಿ ಸದಾ ಏನನ್ನಾದರೂ ಬಿಚ್ಚಿ ಜೋಡಿಸುತ್ತಿದ್ದ ಸ್ಕಾಟಿ ಎಂಬ ಎಂಜಿನಿಯರ್ ಅವರ ಮೆಚ್ಚಿನವನು. “ಇವನು ನಮ್ಮವನು, ಮಿಸ್ತ್ರಿ” ಎನ್ನುತ್ತಿದ್ದರು. ನಮ್ಮ ಕಡೆ ಯಂತ್ರ ರಿಪೇರಿ ಮಾಡುವವರನ್ನು ಮಿಸ್ತ್ರಿ ಎಂದೇ ಕರೆಯುವುದು. ಅಂದಿನಿಂದ ಸ್ಕಾಟಿಯ ಹೆಸರು ನಮ್ಮ ಮನೆಯಲ್ಲಿ ‘ಮಿಸ್ತ್ರಿ’ ಎಂದೇ ಆಯಿತು.

1987ರಲ್ಲಿ ಅಮೆರಿಕದಲ್ಲಿ ಅದರ ಮುಂದುವರಿದ ಸರಣಿ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್’ ಶುರುವಾಯಿತು. ಅಂದರೆ ‘ಮುಂದಿನ ತಲೆಮಾರು’. ಕಥೆಯ ಲೆಕ್ಕದಲ್ಲಿ ಎಪ್ಪತ್ತು ಎಂಬತ್ತು ವರ್ಷ ಕಳೆದಿದೆ. ಹೊಸ ಎಂಟರ್‌ಪ್ರೈಸ್, ಹೊಸ ಕಪ್ತಾನ ಪಿಕಾರ್ಡ್, ಹೊಸ ಎಂಜಿನಿಯರ್ ಜೋರ್ಡಿ. ಈ ಜೋರ್ಡಿ ಹುಟ್ಟು ಕುರುಡ. ಕಣ್ಣಿಗೆ ಕಟ್ಟಿಕೊಂಡ ಒಂದು ಸಾಧನದ ಮೂಲಕ ಲೋಕವನ್ನು ಕಾಣುತ್ತಾನೆ. ಕೇಬಲ್ ಟಿ.ವಿ. ಹರಡಿದ 1990ರ ದಶಕದಲ್ಲಿ ಸ್ಟಾರ್ ಪ್ಲಸ್ ಇನ್ನೂ ಇಂಗ್ಲಿಷ್ ವಾಹಿನಿಯಾಗಿತ್ತು. ಆ ವಾಹಿನಿಯಲ್ಲಿ ಈ ಹೊಸ ಸರಣಿ ನಮಗೆ ಸಿಕ್ಕಿತು. ಆಗ ನಾನು ಕಾಲೇಜಿನಲ್ಲಿದ್ದೆ, ಇಂಗ್ಲಿಷ್ ಸ್ವಲ್ಪ ಹಿಡಿತಕ್ಕೆ ಬಂದಿತ್ತು. ಅಬ್ಬಾಗೆ ಅರ್ಥ ಹೇಳುವ ಕೆಲಸ ನನ್ನದು.

ಒಂದು ದಿನ ಆ ಹೊಸ ನೌಕೆಯೊಳಗೆ ನಮ್ಮ ಹಳೆಯ ಮಿಸ್ತ್ರಿ ಪ್ರತ್ಯಕ್ಷನಾದ! ‘ರೆಲಿಕ್ಸ್’ ಎಂಬ ಆ ಕಂತು ಅಮೆರಿಕದಲ್ಲಿ ಮೊದಲು ಪ್ರಸಾರವಾದದ್ದು 1992ರ ಅಕ್ಟೋಬರ್ 12ರಂದು. ಹೆಸರಿನ ಅರ್ಥ ‘ಹಳೆಯ ಕಾಲದ ಅವಶೇಷಗಳು’ ಎಂದು. ಬರೆದವರು ರೊನಾಲ್ಡ್ ಡಿ. ಮೂರ್. ಅಬ್ಬಾ ಕುರ್ಚಿಯಿಂದ ಎದ್ದು ನಿಂತು, “ಅರೇ, ಮಿಸ್ತ್ರಿ ಬಂದ! ಎಷ್ಟು ಮುದುಕ ಆಗಿದ್ದಾನೆ!” ಎಂದರು. ಸ್ಕಾಟಿಯ ಪಾತ್ರ ಮಾಡಿದ ಜೇಮ್ಸ್ ಡೂಹನ್ ಅವರಿಗೆ ಆಗ 72 ವರ್ಷ.

ಕಥೆ ಹೀಗಿದೆ. 75 ವರ್ಷಗಳ ಹಿಂದೆ ಕಾಣೆಯಾದ ‘ಜೆನೋಲನ್’ ಎಂಬ ಸಣ್ಣ ನೌಕೆಯಿಂದ ಎಂಟರ್‌ಪ್ರೈಸ್‌ಗೆ ಅಪಾಯದ ಕರೆ ಕೇಳಿಸುತ್ತದೆ. ಹೋಗಿ ನೋಡಿದರೆ ಅದು ಒಂದು ಬೃಹತ್ ಗೋಳದ ಹೊರಮೈಗೆ ಅಪ್ಪಳಿಸಿ ಬಿದ್ದಿದೆ. ಈ ನೌಕೆಗಳಲ್ಲಿ ಮನುಷ್ಯನನ್ನು ಕಿರಣವಾಗಿಸಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರವಿರುತ್ತದೆ. ಆಹಾರ ಸಾಮಗ್ರಿ ಸಾಲದೆಂದು ಕಂಡಾಗ ಸ್ಕಾಟಿ ಆ ಯಂತ್ರದ ಜೋಡಣೆಯನ್ನೇ ಬದಲಿಸಿ, ತನ್ನನ್ನೂ ಫ್ರಾಂಕ್ಲಿನ್ ಎಂಬ ತರುಣನನ್ನೂ ಅದರೊಳಗೆ ‘ಕಾಪಿಟ್ಟು’ ಕಾಯುತ್ತಿದ್ದಾನೆ. 75 ವರ್ಷ! ಜೋರ್ಡಿ ಯಂತ್ರ ಚಾಲೂ ಮಾಡಿದಾಗ ಸ್ಕಾಟಿ ಹೊರಬರುತ್ತಾನೆ. ಆದರೆ ಫ್ರಾಂಕ್ಲಿನ್‌ನ ಗುರುತಿನಲ್ಲಿ ಶೇಕಡಾ 53 ಭಾಗ ಅಳಿಸಿಹೋಗಿದೆ. ಅವನನ್ನು ಮರಳಿ ತರಲು ಆಗುವುದಿಲ್ಲ.

ಬದುಕಿ ಬಂದ ಸ್ಕಾಟಿಗೆ ಮೊದಲು ಸಂಭ್ರಮ, ಆಮೇಲೆ ಸಂಕಟ. ಎಂಜಿನ್ ಕೋಣೆಗೆ ಹೋಗಿ ಸಹಾಯ ಮಾಡಲು ನೋಡುತ್ತಾನೆ. ಯಂತ್ರಗಳೆಲ್ಲ ಬದಲಾಗಿವೆ. ಅವನು ಹೇಳಿದ್ದಕ್ಕೆಲ್ಲ “ಈಗ ಹಾಗೆ ಮಾಡುವುದಿಲ್ಲ” ಎಂಬುದೇ ಉತ್ತರ. ಕೆಲಸದ ಒತ್ತಡದಲ್ಲಿದ್ದ ಜೋರ್ಡಿ ಕೊನೆಗೆ ಸಿಡುಕುತ್ತಾನೆ. ತಾನು ಅಡ್ಡಿ ಎಂದು ಮುದುಕನಿಗೆ ಅರ್ಥವಾಗುತ್ತದೆ. ಆ ನೌಕೆಯಲ್ಲಿ ಬೇಕಾದ ದೃಶ್ಯವನ್ನು ಕಣ್ಣೆದುರು ಸೃಷ್ಟಿಸುವ ಒಂದು ಕೋಣೆ ಇದೆ. ಅಲ್ಲಿಗೆ ಹೋಗಿ ತನ್ನ ಹಳೆಯ ಎಂಟರ್‌ಪ್ರೈಸ್ ಅನ್ನು ತೋರಿಸು ಎನ್ನುತ್ತಾನೆ. ಬಾಗಿಲು ತೆರೆದರೆ 1966ರ ಆ ನೌಕೆಯ ಮುಖ್ಯ ಕೋಣೆ ಹಾಗೆಯೇ ನಿಂತಿದೆ. ಖಾಲಿ ಕುರ್ಚಿಗಳು. ಒಬ್ಬರೂ ಇಲ್ಲ.

ನಿಜ ಹೇಳಬೇಕೆಂದರೆ, ಕಾಲೇಜಿನ ದಿನಗಳಲ್ಲಿ ನನಗೆ ಈ ಕಂತಿನಲ್ಲಿ ದೊಡ್ಡದಾಗಿ ಕಂಡದ್ದು ಆ ಗೋಳ. ಅದು ಬರೀ ಕಥೆಗಾರನ ಕಲ್ಪನೆಯಲ್ಲ. ಭೌತವಿಜ್ಞಾನಿ ಫ್ರೀಮನ್ ಡೈಸನ್ 1960ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಬಹಳ ಮುಂದುವರಿದ ಜೀವಿಗಳು ಎಲ್ಲಾದರೂ ಇದ್ದರೆ, ತಮ್ಮ ನಕ್ಷತ್ರದ ಶಕ್ತಿ ಪೋಲಾಗದಂತೆ ಅದರ ಸುತ್ತ ಹೊದಿಕೆ ಕಟ್ಟಿಕೊಂಡಿರಬಹುದು, ಅದರಿಂದ ಹೊಮ್ಮುವ ಶಾಖದ ಕಿರಣಗಳನ್ನು ಹುಡುಕಿದರೆ ಅವರ ಸುಳಿವು ಸಿಗಬಹುದು ಎಂಬುದು ಅವರ ವಾದ. ಡೈಸನ್ ಮನಸ್ಸಿನಲ್ಲಿದ್ದದ್ದು ಗಟ್ಟಿ ಚಿಪ್ಪಲ್ಲ, ನಕ್ಷತ್ರವನ್ನು ಸುತ್ತುವ ಅಸಂಖ್ಯಾತ ಬಿಡಿ ರಚನೆಗಳು. ಕಂತಿನಲ್ಲಿ ಅದು ಗಟ್ಟಿ ಗೋಳ. ಅಡ್ಡಳತೆ 20 ಕೋಟಿ ಕಿಲೋಮೀಟರ್, ಒಳಗಿನ ನೆಲ ಸುಮಾರು 25 ಕೋಟಿ ಭೂಮಿಗಳಷ್ಟು. ಆ ಲೆಕ್ಕವನ್ನು ನಾನೇ ನೋಟ್‌ಬುಕ್‌ನಲ್ಲಿ ಮಾಡಿ ನೋಡಿದ್ದೆ. ಸರಿಯಾಗಿಯೇ ಬಂತು! ಇಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿರುವ ನನಗೆ ಮಕ್ಕಳಿಗೆ ಗೋಳದ ಮೇಲ್ಮೈ ವಿಸ್ತೀರ್ಣ ಹೇಳಿಕೊಡುವಾಗ ಈ ಗೋಳವೇ ನೆನಪಾಗುತ್ತದೆ.

ಆದರೆ ಈ ಸಲ ನೋಡುವಾಗ ಗೋಳ ಹಿಂದೆ ಸರಿಯಿತು. ಅಬ್ಬಾಗೆ ಈಗ ಎಪ್ಪತ್ತೆಂಟು. ಪಿಕ್ಚರ್ ಟ್ಯೂಬಿನ ಟಿ.ವಿ.ಗಳು ಮನೆಮನೆಗಳಿಂದ ಮಾಯವಾಗುತ್ತಿದ್ದಂತೆ ಅವರ ಅಂಗಡಿಯೂ ಮುಚ್ಚಿತು. ಈಗಿನ ಟಿ.ವಿ. ಕೆಟ್ಟರೆ ಯಾರೂ ಒಳಗಿನ ಸಣ್ಣ ಬಿಡಿಭಾಗವನ್ನು ಹುಡುಕಿ ಬದಲಿಸುವುದಿಲ್ಲ. ಇಡೀ ಬೋರ್ಡನ್ನೇ ಕಿತ್ತು ಹೊಸದು ಹಾಕುತ್ತಾರೆ, ಇಲ್ಲವೇ ಹೊಸ ಟಿ.ವಿ. ತರುತ್ತಾರೆ. ಶಬ್ದ ಕೇಳಿಯೇ “ಲೈನ್ ಟ್ರಾನ್ಸ್‌ಫಾರ್ಮರ್ ಹೋಗಿದೆ” ಎನ್ನುತ್ತಿದ್ದ ಕಿವಿಗೆ, ಸುಟ್ಟ ವಾಸನೆಯಲ್ಲೇ ದೋಷ ಪತ್ತೆ ಮಾಡುತ್ತಿದ್ದ ಮೂಗಿಗೆ ಕೆಲಸವಿಲ್ಲ. ನನ್ನ ತಮ್ಮ ಮೊಬೈಲ್ ರಿಪೇರಿ ಮಾಡುತ್ತಾನೆ. ಅಬ್ಬಾ ಅವನ ಅಂಗಡಿಗೆ ಹೋಗಿ ಕೂರುತ್ತಾರೆ. “ಅದನ್ನ ಹಾಗೆ ಹಿಡೀಬೇಡ, ಹೀಗೆ ಹಿಡಿ” ಎನ್ನುತ್ತಾರೆ. ಗಿರಾಕಿಗಳ ಮುಂದೆ ಅವನಿಗೆ ಮುಜುಗರ. “ಅಬ್ಬಾ, ನೀವು ಆರಾಮಾಗಿ ಮನೇಲಿರಿ. ಜೀವನವೆಲ್ಲ ದುಡಿದಿದ್ದೀರಿ” ಎನ್ನುತ್ತಾನೆ. ಪ್ರೀತಿಯಿಂದಲೇ ಹೇಳುವುದು. ಅಬ್ಬಾ ಎದ್ದು ನಿಧಾನವಾಗಿ ಕೆರೆ ಏರಿಯ ಕಡೆ ನಡೆದುಬಿಡುತ್ತಾರೆ.

ಹೀಗಾಗಿ ಈ ಸಲ ನನ್ನ ಕಣ್ಣು ನಿಂತದ್ದು ಒಂದು ನಿಮಿಷವೂ ಇರದ ಒಂದು ಪುಟ್ಟ ದೃಶ್ಯದ ಮೇಲೆ. ಖಾಲಿ ಕುರ್ಚಿಗಳ ನಡುವೆ ಕೂತ ಸ್ಕಾಟಿಯ ಬಳಿಗೆ ಕಪ್ತಾನ ಪಿಕಾರ್ಡ್ ಬಂದು, ತನ್ನ ಮೊದಲ ನೌಕೆಯ ನೆನಪು ಹಂಚಿಕೊಂಡು ಹೋಗುತ್ತಾನೆ. ಆ ಮಾತುಕತೆ ಎಲ್ಲರಿಗೂ ಇಷ್ಟವಾಗುವಂಥದು. ನಾನು ಹೇಳುತ್ತಿರುವುದು ಅದರ ನಂತರದ್ದು. ಪಿಕಾರ್ಡ್ ಜೋರ್ಡಿಯನ್ನು ಕರೆಯುತ್ತಾನೆ. ಹಾಳಾದ ಜೆನೋಲನ್ ನೌಕೆಯಲ್ಲಿ ಗೋಳದ ಕುರಿತ ಹಳೆಯ ದಾಖಲೆಗಳಿವೆ, ಅವನ್ನು ತೆಗೆಯಲು ಸ್ಕಾಟಿಯನ್ನು ಜೊತೆಗೆ ಕರೆದುಕೊಂಡು ಹೋಗಬಹುದೇ ಎಂದು ಕೇಳುತ್ತಾನೆ. ಇದು ಆದೇಶವಲ್ಲ, ಕೋರಿಕೆ, ಬೇಡವೆನಿಸಿದರೆ ನಿರಾಕರಿಸಬಹುದು ಎಂದೂ ಹೇಳುತ್ತಾನೆ. ತಾನು ಉಪಯೋಗಕ್ಕೆ ಬರುತ್ತೇನೆ ಎಂಬ ಭಾವನೆ ಮನುಷ್ಯನಿಗೆ ಎಷ್ಟು ಮುಖ್ಯ ಎಂಬುದು ಅವನ ಮಾತಿನ ಸಾರ. ಜೋರ್ಡಿ ಒಪ್ಪುತ್ತಾನೆ.

ಓದುಗರೇ, ಇಲ್ಲೊಂದು ಸೂಕ್ಷ್ಮವಿದೆ. ಪಿಕಾರ್ಡ್ ಮುದುಕನಿಗೆ ಆಟಿಕೆ ಕೊಡಲಿಲ್ಲ. ಹೊತ್ತು ಹೋಗಲಿ ಎಂದು ಸುಳ್ಳು ಕೆಲಸ ಹೊಂದಿಸಲಿಲ್ಲ. ಆ ದಾಖಲೆಗಳು ನಿಜವಾಗಿ ಬೇಕಾಗಿದ್ದವು, ಆ ಹಳೆಯ ನೌಕೆಯನ್ನು ಬಲ್ಲವನು ನಿಜವಾಗಿ ಸ್ಕಾಟಿಯೇ. ಹಿರಿಯರು ನಕಲಿ ಕೆಲಸವನ್ನು ಕ್ಷಣದಲ್ಲಿ ಗುರುತಿಸಿಬಿಡುತ್ತಾರೆ. ಹೊಂದಿಸಿಕೊಟ್ಟ ಕೆಲಸದಿಂದ ಆಗುವ ಅವಮಾನ ಕೆಲಸವೇ ಇಲ್ಲದ್ದಕ್ಕಿಂತ ಹೆಚ್ಚು.

ಮುಂದಿನದು ಇನ್ನೂ ಸೊಗಸು. ಇವರಿಬ್ಬರೂ ಜೆನೋಲನ್‌ನಲ್ಲಿರುವಾಗ ಆ ಮಹಾ ಎಂಟರ್‌ಪ್ರೈಸ್ ಗೋಳದೊಳಗೆ ಎಳೆದುಕೊಳ್ಳಲ್ಪಟ್ಟು ಸಿಕ್ಕಿಬೀಳುತ್ತದೆ. ಅದನ್ನು ಬಿಡಿಸಲು ಉಳಿದಿರುವುದು 75 ವರ್ಷ ಹಳೆಯ ಗುಜರಿ ನೌಕೆ ಮಾತ್ರ. ಇಬ್ಬರೂ ಅದನ್ನು ಚಾಲೂ ಮಾಡುತ್ತಾರೆ. ಇಷ್ಟು ಒತ್ತಡವನ್ನು ಈ ಎಂಜಿನ್ ತಾಳದು, ನಿಯಮ ಪುಸ್ತಕದಲ್ಲೇ ಹಾಗಿದೆ ಎಂದು ಜೋರ್ಡಿ ಹೆದರುತ್ತಾನೆ. ಆ ಪುಸ್ತಕ ಬರೆದವನೇ ನಾನು ಎನ್ನುತ್ತಾನೆ ಸ್ಕಾಟಿ. ಒಳ್ಳೆಯ ಎಂಜಿನಿಯರ್ ಕಾಗದದ ಮೇಲೆ ಯಾವಾಗಲೂ ಸ್ವಲ್ಪ ಕಡಿಮೆಯೇ ಬರೆದಿರುತ್ತಾನಂತೆ! ಗೋಳದ ಬಾಗಿಲು ಮುಚ್ಚುವಾಗ ಜೆನೋಲನ್ ಅಡ್ಡ ನಿಂತು ತಡೆಯುತ್ತದೆ. ಎಂಟರ್‌ಪ್ರೈಸ್ ಕೊನೆ ಗಳಿಗೆಯಲ್ಲಿ ಇಬ್ಬರನ್ನೂ ಎತ್ತಿಕೊಂಡು ಹೊರಗೆ ಹಾರುತ್ತದೆ. ಒಬ್ಬನಿಗೆ ಹಳೆಯದು ಗೊತ್ತು, ಇನ್ನೊಬ್ಬನಿಗೆ ಹೊಸದು ಗೊತ್ತು. ಇಬ್ಬರಲ್ಲಿ ಒಬ್ಬನಿದ್ದರೂ ಸಾಲುತ್ತಿರಲಿಲ್ಲ.

ಜೋರ್ಡಿ ಕೆಟ್ಟವನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅವನ ತಲೆಯ ಮೇಲೆ ಸಾವಿರ ಜನರ ನೌಕೆಯ ಹೊಣೆ ಇದೆ. ನಮ್ಮ ಮನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಯೂ ಹೀಗೆಯೇ. ಹಿರಿಯರ ಮಾತು ಕೇಳಲು ಪುರುಸೊತ್ತಿಲ್ಲದ ಪ್ರತಿಯೊಬ್ಬ ಮಗನೂ ನಿರ್ದಯಿ ಅಲ್ಲ. ಇಬ್ಬರ ನಡುವೆ ನಿಂತು “ಇವರನ್ನೂ ಕರೆದುಕೊಂಡು ಹೋಗುತ್ತೀಯಾ?” ಎಂದು ಕೇಳುವ ಮೂರನೆಯವರೊಬ್ಬರು ಬೇಕು. ಆ ಮೂರನೆಯವರು ಮನೆಯ ಸೊಸೆಯಾಗಬಹುದು, ಮಗಳಾಗಬಹುದು, ಮೊಮ್ಮಗುವೂ ಆಗಬಹುದು.

ನಮ್ಮ ಮನೆಯಲ್ಲಿ ಆ ಕೆಲಸ ಮಾಡಿದ್ದು ತಮ್ಮನ ಹೆಂಡತಿ. ಆಕೆ ‘ಸ್ಟಾರ್ ಟ್ರೆಕ್’ನ ಒಂದು ಕಂತನ್ನೂ ನೋಡಿದವಳಲ್ಲ. ಕಳೆದ ವರ್ಷ ನಾನು ಊರಿಗೆ ಹೋಗಿದ್ದಾಗ ಅಡುಗೆಮನೆಯ ಮಿಕ್ಸಿ ನಿಂತುಹೋಯಿತು. ಹೊಸದು ತರೋಣವೆಂದು ತಮ್ಮ ಹೊರಟ. ಆಕೆ ಅದನ್ನು ಅಬ್ಬಾನ ಮುಂದೆ ಇಟ್ಟು, “ಅಬ್ಬಾ, ಇದನ್ನ ಒಂದ್ಸಲ ನೋಡ್ತೀರಾ? ನಂಗೆ ನಾಳೆ ಬೆಳಗ್ಗೆ ಚಟ್ನಿಗೆ ಬೇಕು” ಎಂದಳು. ಅವಳಿಗೆ ನಿಜವಾಗಿ ಬೇಕಿತ್ತು. ಅಬ್ಬಾ ಮಂಚದ ಕೆಳಗಿನ ಟ್ರಂಕಿನಿಂದ ತಮ್ಮ ಹಳೆಯ ಸ್ಕ್ರೂಡ್ರೈವರು, ಬೆಸುಗೆ ಕಡ್ಡಿ ತೆಗೆದರು. ಕೈ ಸ್ವಲ್ಪ ನಡುಗುತ್ತಿತ್ತು. ಬೆಸುಗೆ ಹಾಕಬೇಕಾದಲ್ಲಿ ತಮ್ಮನನ್ನೇ ಕರೆದು “ನಿನ್ನ ಕಣ್ಣು ಚೆನ್ನಾಗಿದೆ, ಇಲ್ಲಿ ಹಿಡಿ” ಎಂದರು. ತಮ್ಮ ಮಾತಾಡದೆ ಕೂತ. ಮೋಟಾರಿನ ಸವೆದ ಕಾರ್ಬನ್ನನ್ನು ಬಿಚ್ಚಿ ತೋರಿಸಿ, ಇದು ಎಷ್ಟು ಉಳಿದಿರುವಾಗ ಬದಲಿಸಬೇಕು ಎಂದು ಅಬ್ಬಾ ಅವನಿಗೆ ವಿವರಿಸುತ್ತಿದ್ದರು. ರಾತ್ರಿ ಊಟಕ್ಕೆ ಅವರು ಎರಡು ರೊಟ್ಟಿ ಹೆಚ್ಚು ತಿಂದರು. ಆ ಮಿಕ್ಸಿ ಈಗಲೂ ಓಡುತ್ತಿದೆ. ಅಕ್ಕಪಕ್ಕದವರ ಫ್ಯಾನು, ಇಸ್ತ್ರಿಪೆಟ್ಟಿಗೆಗಳೂ ಈಗ ನಮ್ಮ ಜಗಲಿಗೆ ಬರುತ್ತವೆ.

ಫ್ರಾಂಕ್ಲಿನ್‌ನ ವಿಷಯವೂ ಈ ಸಲ ನನ್ನನ್ನು ಕಾಡಿತು. ಶೇಕಡಾ 53 ಅಳಿಸಿಹೋದ ತರುಣ. ನನ್ನ ಅಮ್ಮಿಯ ಸೋದರಮಾವ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ ಹತ್ತಿಯಲ್ಲಿ ಒರೆಸಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಶಾಖ ಎಷ್ಟಾಗಿದೆ ಎಂದು ಅವರು ಬಣ್ಣ ನೋಡಿ ಹೇಳುತ್ತಿದ್ದರು. ಯಾವ ಬಣ್ಣ? ಅದು ಅವರೊಂದಿಗೇ ಹೋಯಿತು. ಸ್ಟೀಲ್ ಪಾತ್ರೆ ಬಂದ ಮೇಲೆ ಯಾರಿಗೂ ಅದು ಬೇಕಾಗಲಿಲ್ಲ. ಬೇಕೆನಿಸಿ ಕೇಳುವ ಹೊತ್ತಿಗೆ ಹೇಳುವವರಿರುವುದಿಲ್ಲ. ಜೋರ್ಡಿ ಒಂದು ದಿನ ತಡವಾಗಿ ಬಂದಿದ್ದರೆ ಸ್ಕಾಟಿಯೂ ಸಿಗುತ್ತಿದ್ದನೋ ಇಲ್ಲವೋ.

ಈ ಕಂತಿನ ಅಭಿಮಾನಿಯಾಗಿದ್ದರೂ ಅದರ ಕೊನೆಯ ಬಗ್ಗೆ ನನಗೊಂದು ತಕರಾರಿದೆ. ಎಲ್ಲ ಮುಗಿದ ಮೇಲೆ ಪಿಕಾರ್ಡ್ ಸ್ಕಾಟಿಗೆ ಒಂದು ಪುಟ್ಟ ನೌಕೆಯನ್ನು ಕೊಡುತ್ತಾನೆ. ಎಲ್ಲರೂ ಸಾಲಾಗಿ ನಿಂತು ಬೀಳ್ಕೊಡುತ್ತಾರೆ. ಅವನು ಒಬ್ಬನೇ ನಕ್ಷತ್ರಗಳ ನಡುವೆ ಹೊರಟುಹೋಗುತ್ತಾನೆ. ಹಿಂದೆ ಇದು ನನಗೆ ಬಹಳ ಸುಂದರವಾಗಿ ಕಂಡಿತ್ತು. ಈಗ ಒಂದು ಪ್ರಶ್ನೆ ಏಳುತ್ತದೆ. ಸಾವಿರ ಜನರಿದ್ದ ಅಷ್ಟು ದೊಡ್ಡ ನೌಕೆಯಲ್ಲಿ ಆ ಒಬ್ಬನಿಗೆ ಜಾಗವಿರಲಿಲ್ಲವೇ? ನಾವೂ ಹಿರಿಯರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಟಿ.ವಿ., ಒಳ್ಳೆಯ ಮೊಬೈಲ್ ಕೊಡಿಸುತ್ತೇವೆ. ಅದು ಗೌರವದ ಉಡುಗೊರೆಯೋ ಅಥವಾ ದೂರ ಕಳಿಸುವ ಸಭ್ಯ ವಿಧಾನವೋ? ಸ್ಕಾಟಿ ನಗುನಗುತ್ತಾ ಹೊರಟ, ನಿಜ. ಸ್ವತಂತ್ರವಾಗಿ ತಿರುಗುವ ಆಸೆ ಅವನಿಗೂ ಇದ್ದಿರಬಹುದು. ಆದರೆ ಆ ಪ್ರಶ್ನೆಯನ್ನು ಅವನನ್ನು ಯಾರೂ ಕೇಳಲಿಲ್ಲ. ಇನ್ನು ಆ ಗೋಳ. 25 ಕೋಟಿ ಭೂಮಿಗಳಷ್ಟು ಜಾಗವಿದ್ದ ಆ ಮಹಾಮನೆಯನ್ನು ಕಟ್ಟಿದವರೇ, ನಕ್ಷತ್ರ ಅಸ್ಥಿರವಾಯಿತೆಂದು ಬಿಟ್ಟು ಹೋಗಿದ್ದಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿ ಬಾಗಿಲು ಮುಚ್ಚಿರುವ ಮನೆಗಳು ನಮ್ಮ ಹಳ್ಳಿಗಳಲ್ಲೂ ಇವೆಯಲ್ಲ!

ತೆರೆಯ ಹಿಂದಿನ ಒಂದೆರಡು ಸಂಗತಿಗಳನ್ನು ತಿಳಿದಾಗ ಈ ಕಂತಿನ ಮೇಲೆ ನನ್ನ ಪ್ರೀತಿ ಹೆಚ್ಚಿತು. ಹಳೆಯ ನೌಕೆಯ ಕೋಣೆಯನ್ನು ಪೂರ್ತಿ ಮತ್ತೆ ಕಟ್ಟುವಷ್ಟು ಹಣ ಆ ತಂಡದ ಬಳಿ ಇರಲಿಲ್ಲ. ಒಬ್ಬ ಅಭಿಮಾನಿ ತನ್ನ ಪ್ರೀತಿಗಾಗಿ ಕಟ್ಟಿಕೊಂಡಿದ್ದ ಕಪ್ತಾನನ ಕುರ್ಚಿ ಮತ್ತು ಮುಂದಿನ ಮೇಜನ್ನು ತಂದು ಬಳಸಿದರು. ಖಾಲಿ ಕೋಣೆಯ ನೋಟಕ್ಕೆ 1960ರ ದಶಕದ ಒಂದು ಹಳೆಯ ಕಂತಿನ ತುಣುಕು ಉಪಯೋಗಕ್ಕೆ ಬಂತು. ಯಾರೋ ಎಸೆಯದೆ ಇಟ್ಟದ್ದು ಕೆಲಸಕ್ಕೆ ಬಂತು ಎನ್ನೋಣ. ಜೇಮ್ಸ್ ಡೂಹನ್ ಕೂಡ ಬರೀ ನಟರಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಸೈನಿಕರಾಗಿ 1944ರ ಜೂನ್ 6ರಂದು ಫ್ರಾನ್ಸಿನ ಕಡಲತೀರದಲ್ಲಿ ಇಳಿದು, ಗುಂಡೇಟು ತಿಂದು, ಬಲಗೈಯ ನಡುಬೆರಳನ್ನು ಕಳೆದುಕೊಂಡವರು. ಅವರ ಪಾತ್ರ ನೋಡಿ ಎಂಜಿನಿಯರ್ ಆದವರು ಬಹಳ ಮಂದಿ. 2004ರಲ್ಲಿ, ಮರೆವಿನ ಕಾಯಿಲೆ ಆವರಿಸಿದ್ದ ಅವರನ್ನು ಅಭಿಮಾನಿಗಳು ಸನ್ಮಾನಿಸಿದಾಗ, ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಸ್ವತಃ ಬಂದು ಒಬ್ಬ ಹಳೆಯ ಎಂಜಿನಿಯರ್ ಆಗಿ ಇನ್ನೊಬ್ಬ ಹಳೆಯ ಎಂಜಿನಿಯರ್‌ಗೆ ಕೃತಜ್ಞತೆ ಹೇಳಿದರು. ಮುಂದಿನ ವರ್ಷ, 2005ರ ಜುಲೈ 20ರಂದು, ಡೂಹನ್ ತೀರಿಕೊಂಡರು. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಇಳಿದದ್ದೂ ಜುಲೈ 20ರಂದೇ.

ಸಹೋದರ ಸಹೋದರಿಯರೇ, ನೀವು ಈ ಕಂತನ್ನು ನೋಡಲೇಬೇಕೆಂದು ನಾನು ಹೇಳುವುದಿಲ್ಲ. ಬಾಹ್ಯಾಕಾಶದ ಕಥೆ ಎಲ್ಲರಿಗೂ ಹಿಡಿಸಬೇಕೆಂದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಸುಮ್ಮನೆ ಕೂತಿರುವ ಒಬ್ಬರು ಒಂದು ಕಾಲದಲ್ಲಿ ಏನು ಮಾಡುತ್ತಿದ್ದರು ಎಂದು ನೆನಪಿಸಿಕೊಳ್ಳಿ. ಹೊಲಿಗೆ, ಬಡಗಿ ಕೆಲಸ, ಅಡುಗೆ, ಲೆಕ್ಕ ಬರೆಯುವುದು, ರೇಷ್ಮೆ ಹುಳು ಸಾಕುವುದು, ಏನೇ ಇರಲಿ. ಅದರಲ್ಲಿ ನಿಮಗೆ ನಿಜವಾಗಿ ಬೇಕಾದದ್ದು ಏನಾದರೂ ಇದ್ದೇ ಇರುತ್ತದೆ. ಈ ವಾರವೇ ಅದನ್ನು ಅವರ ಮುಂದಿಟ್ಟು ಕೇಳಿ. ಅವರ ಕೈ ನಿಧಾನವಾಗಿರಬಹುದು, ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನ ಹಿಡಿಯಬಹುದು, ನಡುವೆ ಹತ್ತು ಹಳೆಯ ಕಥೆಗಳೂ ಬರಬಹುದು. ಬರಲಿ. ಪಕ್ಕದಲ್ಲಿ ಕೂತು, ಅವರು ಹೇಳಿದ ಕಡೆ ಹಿಡಿದುಕೊಳ್ಳಿ.